ಬಾಗಿಲು ಹಾಕಿಕೊಳ್ಳದ ಡಾಕ್ಟರ್

1883ರ ಆಗಸ್ಟ್‌ನಲ್ಲಿ ರಷ್ಯಾದ ಕಥೆಗಾರ, ನಾಟಕಕಾರ ಆಂಟನ್ ಚೆಕಾಫ್ ತನ್ನ ಸಂಪಾದಕ ಲೇಕಿನ್‌ಗೆ ಒಂದು ಕಾಗದ ಬರೆದ. ಆಗ ಅವನಿಗೆ 23 ವರ್ಷ. ಮಾಸ್ಕೋದಲ್ಲಿ ಮೆಡಿಕಲ್ ಓದು ಮುಗಿಯಲು ಇನ್ನೊಂದು ವರ್ಷ ಬಾಕಿ. ಈ ಸಲ ಕಳಿಸಿದ ಬರಹ ಅಷ್ಟು ಚೆನ್ನಾಗಿ ಬಂದಿಲ್ಲ ಎಂದು ಮೊದಲೇ ಒಪ್ಪಿಕೊಂಡು, ಯಾಕೆ ಅನ್ನೋದನ್ನೂ ಹೇಳುತ್ತಾನೆ. ಪಕ್ಕದ ಕೋಣೆಯಲ್ಲಿ ಊರಿಂದ ಬಂದ ನೆಂಟರ ಮಗು ಕಿರುಚುತ್ತಿದೆ. ಇನ್ನೊಂದು ಕೋಣೆಯಲ್ಲಿ ಅಪ್ಪ ಅಮ್ಮನಿಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳುತ್ತಿದ್ದಾನೆ. ಯಾರೋ ಸಂಗೀತದ ಪೆಟ್ಟಿಗೆಗೆ ಕೀ ಕೊಟ್ಟಿದ್ದಾರೆ. ಇವನ ಹಾಸಿಗೆ ನೆಂಟನ ಪಾಲಾಗಿದೆ. ಆ ನೆಂಟ ಆಗಾಗ ಎದ್ದು ಬಂದು, ಮಗಳು ಅಳೋದು ಹೊಟ್ಟೆನೋವಿಗೇ ಇರಬೇಕು ಎಂದು ಔಷಧದ ಮಾತು ತೆಗೆಯುತ್ತಾನೆ. ಅದು ಸಾಕಾದರೆ ಸಾಹಿತ್ಯದ ಮಾತು.

ಚೆಕಾಫ್‌ನ ಕಥೆ, ನಾಟಕಗಳಷ್ಟೇ ಈ ಕಾಗದವೂ ನನಗೆ ಇಷ್ಟ. ಮನೆ, ಡಾಕ್ಟರಿಕೆ, ಬರವಣಿಗೆ ಮೂರೂ ಒಂದೇ ಸೂರಿನಡಿ ಒಂದನ್ನೊಂದು ತಳ್ಳಾಡುತ್ತಾ ಇವೆ. ಮುಂದೆ ಅವನು ಬದುಕಿದ್ದ 21 ವರ್ಷವೂ ಹೆಚ್ಚು ಕಡಿಮೆ ಹೀಗೇ ನಡೆಯಿತು.

ಅವನ ಬಗ್ಗೆ ಯಾರು ಬರೆದರೂ ಒಂದು ಮಾತು ಬಂದೇ ಬರುತ್ತದೆ. ವೈದ್ಯಕೀಯ ತನ್ನ ಧರ್ಮಪತ್ನಿ, ಸಾಹಿತ್ಯ ತನ್ನ ಪ್ರೇಯಸಿ ಎಂದು 1888ರಲ್ಲಿ ಗೆಳೆಯ ಸುವೊರಿನ್‌ಗೆ ಅವನು ಬರೆದದ್ದು. ಚುರುಕಾದ ಮಾತು, ನಿಜ. ಆದರೆ ಅದರಲ್ಲಿ ಮನೆಯವರೇ ಇಲ್ಲ. ಎರಡು ಕೆಲಸದ ನಡುವೆ ಸಿಕ್ಕಿಕೊಂಡ ಒಂಟಿ ಗಂಡಸಿನ ಮಾತಿನ ಹಾಗೆ ಕೇಳಿಸುತ್ತದೆ. ಚೆಕಾಫ್ ಒಂಟಿಯಾಗಿ ಇದ್ದದ್ದೇ ಕಡಿಮೆ. ಅವನು ಪೆನ್ನು ಹಿಡಿದದ್ದು ಮನೆ ನಡೆಸೋಕೆ. ಮೆಡಿಕಲ್ ಓದಿದ್ದೂ ಮನೆಗೆ ಒಂದು ಗಟ್ಟಿ ಆಧಾರ ಬೇಕಿತ್ತು ಅಂತಲೇ.

ಅಜ್ಜ ಜೀತದಾಳು. 1841ರಲ್ಲಿ ದುಡ್ಡು ಕೊಟ್ಟು ತನ್ನ ಸಂಸಾರದ ಬಿಡುಗಡೆಯನ್ನು ಕೊಂಡುಕೊಂಡವನು. ರಷ್ಯಾದಲ್ಲಿ ಜೀತ ರದ್ದಾಗುವುದಕ್ಕೆ ಇನ್ನೂ 20 ವರ್ಷ ಇತ್ತು. ಅಪ್ಪ ಪಾವೆಲ್ ಟಾಗನ್‌ರೋಗ್ ಎಂಬ ಬಂದರು ಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ದೈವಭಕ್ತ, ಮಹಾ ಕೋಪಿಷ್ಠ. ಮಕ್ಕಳನ್ನು ಚರ್ಚಿನ ಹಾಡಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದ, ಹೊಡೆಯುತ್ತಿದ್ದ. 1876ರಲ್ಲಿ ದಿವಾಳಿಯಾಗಿ ಸಾಲಗಾರರಿಂದ ತಪ್ಪಿಸಿಕೊಂಡು ಮಾಸ್ಕೋಗೆ ಓಡಿದ. ಉಳಿದವರೂ ಹಿಂದೆಯೇ ಹೋದರು. ಆಂಟನ್ ಮಾತ್ರ ಸ್ಕೂಲು ಮುಗಿಸಲು ಮೂರು ವರ್ಷ ಅಲ್ಲೇ ಉಳಿದ. ಪಾಠ ಹೇಳಿ ಕಾಸು ಸಂಪಾದಿಸಿದ. ಮನೆಯಲ್ಲಿ ಉಳಿದಿದ್ದ ಸಾಮಾನು ಮಾರಿ ಹಣ ಕಳಿಸಿದ. 1879ರಲ್ಲಿ ಮಾಸ್ಕೋಗೆ ಬರುವಾಗ ಕೈಯಲ್ಲಿ ಟಾಗನ್‌ರೋಗ್ ಪುರಸಭೆ ಕೊಟ್ಟ ತಿಂಗಳಿಗೆ 25 ರೂಬಲ್‌ನ ವಿದ್ಯಾರ್ಥಿವೇತನ ಇತ್ತು. ಜೊತೆಗೆ ಇಬ್ಬರು ಸಹಪಾಠಿಗಳನ್ನೂ ಕರೆತಂದ. ಅವರು ಬಾಡಿಗೆ ಕೊಟ್ಟು ಇರುವವರು, ಮನೆಗೆ ಅಷ್ಟಾದರೂ ಆದಾಯ ಅಲ್ವಾ? ಮನೆ ಅಂದರೆ ನೆಲಮಾಳಿಗೆಯ ಕೋಣೆಗಳು. ಅವನು ಮೂರನೇ ಮಗ. ಆದರೂ ಬರುಬರುತ್ತಾ ಮನೆಯ ಯಜಮಾನ ಅವನೇ ಆದ.

1880ರಿಂದ ಹಾಸ್ಯಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ. ಸಂಭಾವನೆ ಸಾಲಿನ ಲೆಕ್ಕ. ಲೇಕಿನ್ ಸಾಲಿಗೆ ಎಂಟು ಕೊಪೆಕ್ ಕೊಡುತ್ತಿದ್ದ, ನೂರು ಸಾಲು ದಾಟುವ ಹಾಗಿಲ್ಲ. ಚಿಕ್ಕದಾಗಿ ಬರೆಯುವ ಕಲೆಯನ್ನು ಅವನಿಗೆ ಕಲಿಸಿದ್ದು ಈ ಕಟ್ಟು. ಆಗ ಹಾಕಿಕೊಳ್ಳುತ್ತಿದ್ದ ಹೆಸರುಗಳನ್ನು ನೋಡಿ. ಆಂತೋಶಾ ಚೆಕಾಂತೆ ಅನ್ನೋದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ‘ರೋಗಿಗಳಿಲ್ಲದ ವೈದ್ಯ’, ‘ಗುಲ್ಮವಿಲ್ಲದ ಮನುಷ್ಯ’, ‘ನನ್ನಣ್ಣನ ತಮ್ಮ’ ಎಂದೂ ಸಹಿ ಹಾಕುತ್ತಿದ್ದ. ದೊಡ್ಡಣ್ಣ ಅಲೆಕ್ಸಾಂಡರ್ ಅವನಿಗಿಂತ ಮೊದಲೇ ಬರೆಯುತ್ತಿದ್ದ, ಎರಡನೇ ಅಣ್ಣ ನಿಕೊಲಾಯ್ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ. ತನ್ನದೇ ಹೆಸರು ಇಡುವ ಮೊದಲು ಅವನು ಮನೆಯ ಹೆಸರನ್ನೋ ವೃತ್ತಿಯ ಹೆಸರನ್ನೋ ಇಟ್ಟುಕೊಂಡಿದ್ದ ಅನ್ನೋದು ನನಗೆ ತುಂಬಾ ಹಿಡಿಸುತ್ತದೆ.

1884ರಲ್ಲಿ ಡಾಕ್ಟರಾದ. ಬೇಸಿಗೆಯಲ್ಲಿ ಜ್ವೆನಿಗೊರೊಡ್ ಎಂಬ ಸಣ್ಣ ಊರಿನಲ್ಲಿ ಜಿಲ್ಲಾ ವೈದ್ಯನ ಬದಲಿಗೆ ನಿಂತು ಕೆಲಸ ಮಾಡಿದ. ಹೆಣ ಕೊಯ್ಯುವ ಕೆಲಸವೂ ಅದರಲ್ಲಿ ಸೇರಿತ್ತು. ವೈದ್ಯನ ಕಣ್ಣು ಅವನ ಬರವಣಿಗೆಗೆ ಏನು ಕೊಟ್ಟಿತು ಅನ್ನೋದನ್ನು ಉದ್ದುದ್ದ ವಿವರಿಸುವುದಕ್ಕಿಂತ 1887ರ ಒಂದು ಕಥೆ ನೋಡಿದರೆ ಸಾಕು. ಹಳ್ಳಿಯ ಡಾಕ್ಟರೊಬ್ಬನ ಆರು ವರ್ಷದ ಒಬ್ಬನೇ ಮಗ ಗಂಟಲಮಾರಿಯಿಂದ ಆಗ ತಾನೇ ಸತ್ತಿದ್ದಾನೆ. ಬಾಗಿಲ ಗಂಟೆ ಬಾರಿಸುತ್ತದೆ. ಅವನು ಕೋಟಿಲ್ಲದೆ ಬರೀ ಅಂಗಿಯಲ್ಲೇ ಎದ್ದು ಹೋಗಿ ತೆಗೆಯುತ್ತಾನೆ. ಮುಖ ಒದ್ದೆ. ಕೈಗಳು ಕಾರ್ಬಾಲಿಕ್ ಆಸಿಡ್ ತಾಗಿ ಸುಟ್ಟಿವೆ. ಹೆಂಡತಿಗೆ ಸೀರಿಯಸ್ ಆಗಿದೆ, ಈಗಲೇ ಬನ್ನಿ ಎಂದು ಬಂದವನು ಗೋಗರೆಯುತ್ತಾನೆ.

ಆ ಸುಟ್ಟ ಕೈಯನ್ನು ಊಹೆಯಿಂದ ಬರೆಯೋಕೆ ಆಗಲ್ಲ. ಆ ಕಾಲಕ್ಕೆ ರೋಗ ಹರಡದಂತೆ ತಡೆಯಲು ಇದ್ದದ್ದು ಕಾರ್ಬಾಲಿಕ್ ಆಸಿಡ್. ಗಂಟಲಮಾರಿಗೆ ಮದ್ದಿರಲಿಲ್ಲ, ಅದರ ಸೀರಮ್ ಬಂದದ್ದು 1890ರ ದಶಕದಲ್ಲಿ. ಅಂದರೆ ಆ ಅಪ್ಪ ಮಗನ ಪಕ್ಕದಲ್ಲಿ ಕೂತು ಕೈಲಾದದ್ದನ್ನೆಲ್ಲ ಮಾಡಿದ್ದಾನೆ, ಏನೂ ಉಳಿದಿಲ್ಲ, ಈಗ ಬೇರೆ ಯಾರಿಗೋ ಅವನು ಬೇಕು. ಚೆಕಾಫ್ ಅವನನ್ನು ಗಾಡಿ ಹತ್ತಿಸಿ ಕಳಿಸುತ್ತಾನೆ. ಆ ಮನೆಯಲ್ಲಿ ಹೆಂಡತಿಗೆ ಕಾಯಿಲೆಯೇ ಇಲ್ಲ. ಗಂಡನನ್ನು ಆಚೆ ಕಳಿಸೋಕೆ ನಾಟಕ ಆಡಿ, ಇನ್ನೊಬ್ಬನ ಜೊತೆ ಹೋಗಿಬಿಟ್ಟಿದ್ದಾಳೆ. ಇಬ್ಬರು ನೊಂದ ಗಂಡಸರು ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಾರೆ. ದುಃಖ ಜನರನ್ನು ಹತ್ತಿರ ತರುತ್ತದೆ ಅನ್ನೋ ನಂಬಿಕೆ ಆ ಕೋಣೆಯಲ್ಲಿ ಪೂರಾ ಮುರಿದು ಬೀಳುತ್ತದೆ.

ಅವನ ಸ್ವಂತ ಮನೆಯಲ್ಲೂ ರೋಗಿ ಇದ್ದ. ನಿಕೊಲಾಯ್. ಆ ಮನೆಯಲ್ಲಿ ಎಲ್ಲರಿಗಿಂತ ಪ್ರತಿಭಾವಂತ ಅವನೇ ಎಂದು ಹೇಳುವವರಿದ್ದರು. ಕುಡಿಯುತ್ತಿದ್ದ, ಒಪ್ಪಿದ ಚಿತ್ರ ಮುಗಿಸುತ್ತಿರಲಿಲ್ಲ, ದಿನಗಟ್ಟಲೆ ಮನೆ ಕಡೆ ಬರುತ್ತಿರಲಿಲ್ಲ. 1886ರ ಮಾರ್ಚ್‌ನಲ್ಲಿ ಆಂಟನ್ ಅವನಿಗೆ ಒಂದು ಉದ್ದ ಕಾಗದ ಬರೆದ. ಪ್ರತಿಭೆ ಇದ್ದವನು ಅದನ್ನು ಗೌರವಿಸಬೇಕು, ವೋಡ್ಕಾದ ಹೂಜಿ ಒಡೆದುಹಾಕು, ಓದೋಕೆ ಕೂರು, ನಮ್ಮ ಹತ್ತಿರ ಬಾ, ನಾವೆಲ್ಲ ಕಾಯುತ್ತಿದ್ದೇವೆ ಅನ್ನೋದು ಅದರ ಸಾರ. ಆ ಕಾಗದವನ್ನು ಸಂಸ್ಕಾರವಂತರ ಲಕ್ಷಣಗಳ ಪಟ್ಟಿ ಎಂದು ಎತ್ತಿ ಎತ್ತಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣೋದು ಅಣ್ಣ ಕೈಬಿಟ್ಟು ಹೋಗುತ್ತಿದ್ದಾನೆ ಎಂದು ಹೆದರಿದ ತಮ್ಮ.

ಹೆದರಿದ ಹಾಗೇ ಆಯಿತು. ನಿಕೊಲಾಯ್‌ಗೆ ಕ್ಷಯ. 1889ರ ಬೇಸಿಗೆಯಲ್ಲಿ ಸೂಮಿ ಪಟ್ಟಣದ ಹತ್ತಿರ ಲೂಕಾ ಎಂಬಲ್ಲಿ ಮನೆ ಹಿಡಿದು ಆಂಟನ್ ಅವನನ್ನು ನೋಡಿಕೊಂಡ. ವಾರಗಟ್ಟಲೆ ಪಕ್ಕದಲ್ಲೇ ಇದ್ದ. ದೊಡ್ಡಣ್ಣ ಬಂದ ಮೇಲೆ ಸ್ವಲ್ಪ ಉಸಿರಾಡೋಣ ಎಂದು ಗೆಳೆಯರ ಊರಿಗೆ ಹೊರಟ. ಅಲ್ಲಿಗೆ ತಲುಪುವಷ್ಟರಲ್ಲಿ ಟೆಲಿಗ್ರಾಂ ಹಿಂದೆಯೇ ಬಂತು. ಮಳೆ, ಕೆಟ್ಟ ದಾರಿ, ರಾತ್ರಿ ಸ್ಟೇಷನ್ನಿನಲ್ಲಿ ಗಂಟೆಗಟ್ಟಲೆ ಕಾಯುವುದು. ಅಷ್ಟು ದಿನ ಬಿಡದೆ ಕೂತವನು ಕೊನೆಗಳಿಗೆಯಲ್ಲಿ ಮಾತ್ರ ಇರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಅವನು ಸಖಾಲಿನ್‌ಗೆ ಹೊರಟ. ರಷ್ಯಾದ ಪೂರ್ವದ ತುತ್ತತುದಿ, ಕೈದಿಗಳ ದ್ವೀಪ. ಸೈಬೀರಿಯಾ ದಾಟಿ ಹೋಗುವ ರೈಲು ಆಗ ಇರಲಿಲ್ಲ. ಗಾಡಿ, ದೋಣಿ, ಹಡಗು ಎಂದು ಸುಮಾರು ಮೂರು ತಿಂಗಳ ದಾರಿ. ಯಾಕೆ ಹೋದ ಎಂದು ಜನ ಇಂದಿಗೂ ವಾದ ಮಾಡುತ್ತಾರೆ. ವೈದ್ಯಕೀಯಕ್ಕೆ ತಾನು ಕೊಡಬೇಕಾದ ಸಾಲ ಎಂಬ ಅರ್ಥದಲ್ಲಿ ಅವನೇ ಬರೆದಿದ್ದಾನೆ. ಅಣ್ಣನ ಸಾವೂ ಅದರ ಹಿಂದೆ ಇದ್ದಿರಬೇಕು ಅಂತ ನನಗನ್ನಿಸುತ್ತದೆ. ಅಲ್ಲಿ ಮೂರು ತಿಂಗಳು ಗುಡಿಸಲಿಂದ ಗುಡಿಸಲಿಗೆ ನಡೆದು ಸುಮಾರು 10,000 ಜನರ ಗಣತಿ ಮಾಡಿದ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಹೆಸರು, ವಯಸ್ಸು, ಹುಟ್ಟಿದ ಊರು, ದ್ವೀಪಕ್ಕೆ ಬಂದ ವರ್ಷ, ಓದು ಬರಹ, ಮದುವೆ, ಕಾಯಿಲೆ. ಲೆಕ್ಕ ಸರಿಯಾಗಿ ಬರಲಿ ಅನ್ನೋದಕ್ಕಿಂತ, ಪ್ರತಿಯೊಬ್ಬರ ಮನೆಯೊಳಗೆ ಹೋಗಿ ಎದುರು ಕೂರೋಕೆ ಗಣತಿ ಒಂದು ದಾರಿಯಾಯಿತು. ಆಮೇಲೆ ಬಂದ ಪುಸ್ತಕವನ್ನು ವೈದ್ಯಕೀಯ ಪ್ರಬಂಧವಾಗಿ ಒಪ್ಪಿಕೊಳ್ಳಬಹುದೇ ಎಂದು ಅವನ ಪರವಾಗಿ ಗೆಳೆಯರೊಬ್ಬರು ಕೇಳಿದರು. ಉತ್ತರವೇ ಸಿಗಲಿಲ್ಲ. ಅದಾಗಿದ್ದರೆ ಅವನು ವಿದ್ಯಾರ್ಥಿಗಳಿಗೆ ಪಾಠ ಮಾಡಬಹುದಿತ್ತು.

1892ರಲ್ಲಿ ಮಾಸ್ಕೋದ ದಕ್ಷಿಣಕ್ಕಿರುವ ಮೆಲಿಖೋವೊ ಎಂಬ ಹಳ್ಳಿಯಲ್ಲಿ ಜಮೀನು ಕೊಂಡ. ಅಪ್ಪ, ಅಮ್ಮ, ತಂಗಿ ಮಾಶಾ ಎಲ್ಲರೂ ಬಂದರು. ಆ ಅಪ್ಪನ ಬಗ್ಗೆ ಆಂಟನ್‌ಗೆ ಮರೆವು ಇರಲಿಲ್ಲ. 1889ರ ಜನವರಿಯಲ್ಲಿ ಅಲೆಕ್ಸಾಂಡರ್ ತನ್ನ ಹೆಂಡತಿಯ ಮೇಲೆ ಕೂಗಾಡುವುದನ್ನು ಕಂಡು ಆಂಟನ್ ಅವನಿಗೆ ಕಟುವಾಗಿ ಒಂದು ಕಾಗದ ಬರೆದಿದ್ದ. ದಬ್ಬಾಳಿಕೆಯೇ ನಮ್ಮ ಅಮ್ಮನ ಪ್ರಾಯವನ್ನು ಹಾಳು ಮಾಡಿದ್ದು, ನಮ್ಮ ಬಾಲ್ಯವನ್ನು ಕೆಡಿಸಿದ್ದು, ನೆನಪಿದೆಯಾ ಎಂದು ಕೇಳಿದ್ದ. ಹಾಗೆ ಬರೆದವನು ಅದೇ ಅಪ್ಪನಿಗೆ ಕೊನೆವರೆಗೂ ಮನೆಯಲ್ಲಿ ಜಾಗ ಕೊಟ್ಟ. ಕ್ಷಮಿಸಿದನೋ ಇಲ್ಲವೋ, ಊಟ, ಕೋಣೆ, ಮರ್ಯಾದೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಮೆಲಿಖೋವೊದಲ್ಲಿ ಬೆಳಗಾಗುವ ಮೊದಲೇ ಅಂಗಳದಲ್ಲಿ ರೋಗಿಗಳು. ಕೆಲವರು ನಡೆದು, ಕೆಲವರು ಗಾಡಿಯಲ್ಲಿ. ಫೀಸಿಲ್ಲ, ಔಷಧಿಯೂ ಪುಕ್ಕಟೆ. ಮಾಶಾ ಗಾಯಕ್ಕೆ ಪಟ್ಟಿ ಕಟ್ಟಲು ನಿಲ್ಲುತ್ತಿದ್ದಳು. ಕವೆಗೋಲಿನಿಂದ ಹೊಟ್ಟೆಗೆ ತಿವಿಸಿಕೊಂಡ ಒಬ್ಬನನ್ನು ಒಮ್ಮೆ ಹೊತ್ತು ತಂದರಂತೆ. ಆಂಟನ್ ತನ್ನ ಓದುವ ಕೋಣೆಯ ನೆಲದ ಮೇಲೇ ಅವನನ್ನು ಮಲಗಿಸಿ, ತುಂಬಾ ಹೊತ್ತು ಕೂತು ಗಾಯ ತೊಳೆದು ಕಟ್ಟಿದ ಎಂದು ತಮ್ಮ ಮಿಖಾಯಿಲ್ ನೆನಪಿಸಿಕೊಂಡಿದ್ದಾನೆ. ಬರೆಯುವ ಮೇಜು ಇದ್ದ ಕೋಣೆ ಅದು. ಮನೆಯಲ್ಲಿದ್ದ ಎರಡು ಡ್ಯಾಶ್‌ಹಂಡ್ ನಾಯಿಗಳ ಹೆಸರೂ ಔಷಧಿ ಕಪಾಟಿನಿಂದಲೇ ಬಂದದ್ದು: ಬ್ರೋಮ್, ಖಿನಾ. ಬ್ರೋಮಿನ್ ಮತ್ತು ಕ್ವಿನೈನ್.

1892ರ ಬೇಸಿಗೆಯಲ್ಲೇ ಕಾಲರಾ ಹತ್ತಿರ ಬಂತು. ಜೆಮ್‌ಸ್ತ್ವೊ, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಚೆಕಾಫ್‌ಗೆ ಒಂದು ಭಾಗ ವಹಿಸಿತು. 25 ಹಳ್ಳಿ, ನಾಲ್ಕು ಕಾರ್ಖಾನೆ, ಒಂದು ಮಠ. ಸಂಬಳ ಬೇಡ ಅಂದ. ರೋಗಿಗಳನ್ನು ಇಡಲು ಶೆಡ್ಡು ಕಟ್ಟಿಸಬೇಕಿತ್ತು, ಸರ್ಕಾರದ ದುಡ್ಡು ಸಾಲದು. ಸುತ್ತಲಿನ ಶ್ರೀಮಂತರ, ಕಾರ್ಖಾನೆಯವರ ಮನೆ ಮನೆಗೆ ಹೋಗಿ ಕೈಯೊಡ್ಡಿದ. ಬೆಳಿಗ್ಗೆ ರೋಗಿಗಳು, ಮಧ್ಯಾಹ್ನ ಕುದುರೆ ಗಾಡಿಯಲ್ಲಿ ಹಳ್ಳಿ ಸುತ್ತಾಟ. ಸಾಹಿತ್ಯದ ಬಗ್ಗೆ ಯೋಚಿಸೋಕೂ ಪುರುಸೊತ್ತಿಲ್ಲ ಎಂದು ಗೆಳೆಯರಿಗೆ ಬರೆದ. ಗೊಣಗಿದ, ಬೇಸರಪಟ್ಟ, ಆದರೂ ಬಿಡಲಿಲ್ಲ. ಕೊನೆಗೆ ಕಾಲರಾ ಅವನ ಭಾಗಕ್ಕೆ ಕಾಲಿಡಲಿಲ್ಲ. ಬೇರೆ ಕಾಯಿಲೆಯವರು ಬಂದೇ ಬಂದರು, ಸಾವಿರಕ್ಕೂ ಜಾಸ್ತಿ.

ಆ ವರ್ಷ ನವೆಂಬರ್‌ನಲ್ಲಿ ಅವನ ಒಂದು ದೊಡ್ಡ ಕಥೆ ಅಚ್ಚಾಯಿತು. ಅದನ್ನು ಬರೆದದ್ದು ಕಾಲರಾ ಕೆಲಸಕ್ಕೆ ಸ್ವಲ್ಪ ಮೊದಲು. ಅದರ ಡಾಕ್ಟರ್ ಒಳ್ಳೆಯವನು, ಓದಿದವನು. ಮೊದಮೊದಲು ಉತ್ಸಾಹದಿಂದ ಕೆಲಸ ಮಾಡುತ್ತಾನೆ. ಆಮೇಲೆ ಎಷ್ಟು ನೋಡಿದರೂ ರೋಗಿಗಳು ಮುಗಿಯೋದಿಲ್ಲ, ನೋವು ಇರೋದೇ, ಸಾವು ಇರೋದೇ ಅನ್ನಿಸಿ ಆಸ್ಪತ್ರೆಗೆ ಹೋಗೋದನ್ನೇ ಕಡಿಮೆ ಮಾಡುತ್ತಾನೆ. ಮನೆಯಲ್ಲಿ ಕೂತು ಪುಸ್ತಕ ಓದುತ್ತಾನೆ, ತತ್ವ ಹೇಳುತ್ತಾನೆ. ಕಡೆಗೆ ಅವನನ್ನೇ ತನ್ನ ಆಸ್ಪತ್ರೆಯ ಹುಚ್ಚರ ವಾರ್ಡಿಗೆ ಹಾಕಿ ಬೀಗ ಜಡಿಯುತ್ತಾರೆ, ಅಲ್ಲೇ ಸಾಯುತ್ತಾನೆ. ಚೆಕಾಫ್ ಬರೆದ ಡಾಕ್ಟರುಗಳಲ್ಲಿ ಇವನಷ್ಟು ಭಯ ಹುಟ್ಟಿಸುವವನು ಇನ್ನೊಬ್ಬನಿಲ್ಲ. ಬಾಗಿಲು ಹಾಕಿಕೊಂಡ ವೈದ್ಯ ಇವನು. ಆ ಆಸೆ ಚೆಕಾಫ್‌ಗೂ ಗೊತ್ತಿತ್ತು, ಗೊತ್ತಿಲ್ಲದೆ ಅಷ್ಟು ಒಳಗಿಂದ ಬರೆಯೋಕೆ ಆಗಲ್ಲ. ಬರೆದು ಮುಗಿಸಿ, ಎದ್ದು ಕಾಲರಾ ಕೆಲಸಕ್ಕೆ ಹೋದ.

ಅವನೂ ಒಂದು ಸಣ್ಣ ಮರೆ ಮಾಡಿಕೊಂಡ. 1894ರಲ್ಲಿ ತೋಟದಲ್ಲಿ ಒಂದು ಪುಟ್ಟ ಮರದ ಮನೆ ಕಟ್ಟಿಸಿದ. ಮರುವರ್ಷ ಅವನ ಹೆಸರಾಂತ ನಾಟಕವೊಂದು ಹುಟ್ಟಿದ್ದು ಅಲ್ಲಿ. ಆದರೆ ಚೆಕಾಫ್ ಊರಲ್ಲಿದ್ದಾಗ ಜನರಿಗೆ ತಿಳಿಯಲೆಂದು ಆ ಮನೆಯ ಮೇಲೂ ಬಾವುಟ ಏರಿಸುತ್ತಿದ್ದರು ಎಂಬ ಮಾತು ಆ ಊರಲ್ಲಿ ಉಳಿದುಬಂದಿದೆ.

ಇದಕ್ಕೆಲ್ಲ ಬೆಲೆ ತೆತ್ತವರಲ್ಲಿ ಅವನೊಬ್ಬನೇ ಇಲ್ಲ. ಮಾಶಾ ಮಾಸ್ಕೋದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು, ಮೆಲಿಖೋವೊದ ಮನೆ, ತೋಟ ನೋಡಿಕೊಳ್ಳುತ್ತಿದ್ದಳು. ಅವಳನ್ನು ಮದುವೆಯಾಗಲು ಒಬ್ಬರು ಕೇಳಿದರು. ಒಪ್ಪಬೇಕು ಎಂದುಕೊಂಡು ಅಣ್ಣನ ಕೋಣೆಗೆ ಹೋಗಿ ಹೇಳಿದಳು. ಅವನು ಏನೂ ಮಾತಾಡಲಿಲ್ಲ. ಆ ಮೌನವನ್ನು ಅವಳು ಬೇಡ ಎಂದೇ ಓದಿಕೊಂಡಳು. ತನ್ನ ಕೋಣೆಗೆ ಹೋಗಿ ಅತ್ತಳು, ಮದುವೆಗೆ ಇಲ್ಲ ಅಂದಳು. ಇದನ್ನು ಮುಪ್ಪಿನಲ್ಲಿ ಅವಳೇ ನೆನಪಿಸಿಕೊಂಡಿದ್ದಾಳೆ, ಒಂದು ದೂರೂ ಇಲ್ಲದೆ. ನನಗೆ ಮಾತ್ರ ಆ ಮೌನ ಚುಚ್ಚುತ್ತದೆ. ಅಷ್ಟು ಜನರ ಮನಸ್ಸನ್ನು ಓದಬಲ್ಲವನು ಬಾಗಿಲಲ್ಲಿ ನಿಂತ ತಂಗಿಗೆ ಒಂದು ಮಾತು ಹೇಳಬಹುದಿತ್ತು.

ಇನ್ನೊಂದು ವಿಷಯದಲ್ಲೂ ಅವನ ಮೇಲೆ ಕೋಪ ಬರುತ್ತದೆ. ಅವನು ಮೊದಲ ಸಲ ರಕ್ತ ಕಾರಿದ್ದು 1884ರ ಡಿಸೆಂಬರ್‌ನಲ್ಲಿ, ಡಾಕ್ಟರಾದ ವರ್ಷವೇ. ಗಂಟಲಿನ ರಕ್ತನಾಳ ಒಡೆದಿರಬೇಕು ಎಂದು ಸುತ್ತಲಿನವರಿಗೆ ಹೇಳಿದ. ಕ್ಷಯದ ಸೂಕ್ಷ್ಮಜೀವಿಯನ್ನು ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿ ಆಗಲೇ ಎರಡು ವರ್ಷವಾಗಿತ್ತು. ಲಕ್ಷಣ ಏನು, ಮುಂದೇನು ಎಲ್ಲ ಅವನಿಗೆ ಗೊತ್ತು. ಆದರೂ 12 ವರ್ಷ ಯಾರ ಕೈಗೂ ಎದೆ ಕೊಡಲಿಲ್ಲ. ಆ ರೋಗಕ್ಕೆ ಔಷಧಿ ಬರಲು 1940ರ ದಶಕದವರೆಗೆ ಕಾಯಬೇಕಿತ್ತು, ಹಾಗಾಗಿ ತೋರಿಸಿದ್ದರೂ ಡಾಕ್ಟರುಗಳು ವಿಶ್ರಾಂತಿ ತಗೋ, ಬೆಚ್ಚನೆ ಊರಿಗೆ ಹೋಗು ಅನ್ನುತ್ತಿದ್ದರು, ಅಷ್ಟೇ. ಮನೆ ಬಿಟ್ಟು ಹೋಗು, ಕೆಲಸ ನಿಲ್ಲಿಸು ಅನ್ನೋ ಆ ಮಾತನ್ನೇ ಅವನು ಕೇಳಿಸಿಕೊಳ್ಳಲು ತಯಾರಿರಲಿಲ್ಲ ಅಂತ ಕಾಣುತ್ತದೆ.

1897ರ ಮೊದಲ ತಿಂಗಳುಗಳಲ್ಲಿ ಅವನು ಗೆಳೆಯ ಲೆವಿಟಾನ್‌ನ ಎದೆಗೆ ಕಿವಿಯಿಟ್ಟು ನೋಡಿದ. ರಷ್ಯಾದ ನಿಸರ್ಗವನ್ನು ಬಣ್ಣದಲ್ಲಿ ತೋರಿಸಿದ ದೊಡ್ಡ ಕಲಾವಿದ, ನಿಕೊಲಾಯ್ ಜೊತೆ ಚಿತ್ರಕಲಾ ಶಾಲೆಯಲ್ಲಿ ಓದಿದವನು. ಸ್ಥಿತಿ ಚೆನ್ನಾಗಿಲ್ಲ ಎಂದು ಇನ್ನೊಬ್ಬ ಗೆಳೆಯನಿಗೆ ಬರೆದ. ಹೃದಯ ಬಡಿಯುತ್ತಿಲ್ಲ, ಗಾಳಿ ಊದುತ್ತಿದೆ. ಟಕ್ ಟಕ್ ಅನ್ನುವ ಬದಲು ಪ್ಫ್ ಟಕ್ ಅನ್ನುತ್ತಿದೆ. ವೈದ್ಯ, ಲೇಖಕ, ಗೆಳೆಯ ಮೂವರೂ ಆ ಒಂದು ಸಾಲಿನಲ್ಲಿ ಇದ್ದಾರೆ. ಆ ಮಾರ್ಚ್‌ನಲ್ಲೇ ಮಾಸ್ಕೋದ ಹೋಟೆಲಿನಲ್ಲಿ ಸುವೊರಿನ್ ಜೊತೆ ಊಟಕ್ಕೆ ಕೂತವನ ಬಾಯಿಂದ ರಕ್ತ ಹರಿಯಿತು. ಈಗ ಬೇರೆಯವರು ಅವನ ಎದೆಗೆ ಕಿವಿಯಿಟ್ಟರು. ಎರಡೂ ಶ್ವಾಸಕೋಶದ ಮೇಲ್ಭಾಗಕ್ಕೆ ಕ್ಷಯ ಹಿಡಿದಿತ್ತು. ಡಾಕ್ಟರಿಕೆ ನಿಲ್ಲಿಸಬೇಕು ಅಂದರು. ಊರಿಗೆ ಮರಳಿ ಪಕ್ಕದ ಹಳ್ಳಿಯಲ್ಲಿ ಶಾಲೆ ಕಟ್ಟಿಸುವ ಕೆಲಸ ನೋಡಿಕೊಂಡ.

ಅಪ್ಪ 1898ರಲ್ಲಿ ತೀರಿಕೊಂಡ ಮೇಲೆ ಮೆಲಿಖೋವೊ ಮಾರಿ, ಕಪ್ಪು ಸಮುದ್ರದ ತೀರದ ಯಾಲ್ಟಾದಲ್ಲಿ ಮನೆ ಕಟ್ಟಿಸಿದ. ಅಲ್ಲೂ ಕ್ಷಯರೋಗಿಗಳು ಅವನ ಹೆಸರು ಕೇಳಿಕೊಂಡೇ ಬರುತ್ತಿದ್ದರು, ಕಾಸಿಲ್ಲದ ಮೇಷ್ಟ್ರುಗಳು, ವಿದ್ಯಾರ್ಥಿಗಳು. ಅವರಿಗೆ ತಂಗಲು ಜಾಗ ಹುಡುಕೋದು, ಚಂದಾ ಎತ್ತೋದು ಅವನ ಹೊಸ ಡಾಕ್ಟರಿಕೆಯಾಯಿತು. ಒಂದು ಚಳಿಗಾಲ ಲೆವಿಟಾನ್ ಬಂದು ಉಳಿದ. ಉತ್ತರದ ಬಯಲು ನೋಡಬೇಕು ಅನ್ನಿಸುತ್ತದೆ ಎಂದು ಚೆಕಾಫ್ ಅಂದಾಗ, ಲೆವಿಟಾನ್ ಒಂದು ರಟ್ಟು ತರಿಸಿಕೊಂಡು ಬೆಳದಿಂಗಳಲ್ಲಿ ಹುಲ್ಲಿನ ಮೆದೆಗಳ ಚಿತ್ರ ಬರೆದ. ಅದನ್ನು ಅಗ್ಗಿಷ್ಟಿಕೆಯ ಗೂಡಿಗೆ ಕೂರಿಸಿದರು. 1900ರ ಬೇಸಿಗೆಯಲ್ಲಿ ಲೆವಿಟಾನ್ ಸತ್ತ. ಚಿತ್ರ ಅದೇ ಗೂಡಿನಲ್ಲಿ ಉಳಿಯಿತು.

1901ರ ಮೇ ತಿಂಗಳಲ್ಲಿ ನಟಿ ಓಲ್ಗಾ ಕ್ನಿಪ್ಪರ್‌ಳನ್ನು ಮದುವೆಯಾದ. ಅಮ್ಮನಿಗೂ ಮಾಶಾಗೂ ಮೊದಲೇ ಹೇಳಲಿಲ್ಲ. ಮಾಶಾ ತುಂಬಾ ನೊಂದುಕೊಂಡಳು, ಯಾರಾದರೂ ನೊಂದುಕೊಳ್ಳುತ್ತಾರೆ. ಓಲ್ಗಾ ನಾಟಕಕ್ಕಾಗಿ ಮಾಸ್ಕೋದಲ್ಲಿ, ಇವನು ಎದೆಗಾಗಿ ಯಾಲ್ಟಾದಲ್ಲಿ. ಕೆಲಸ ಬಿಟ್ಟು ಬಾ ಎಂದು ಅವನು ಒತ್ತಾಯ ಮಾಡಲಿಲ್ಲ. ಕಲೆಗೆ ಏನು ಬೇಕು ಅನ್ನೋದು ತಿಳಿದವನು, ಅದನ್ನು ಹೆಂಡತಿಗೂ ಕೊಟ್ಟ.

ಆ ವರ್ಷ ಆಗಸ್ಟ್‌ನಲ್ಲಿ ಅವನು ಉಯಿಲು ಬರೆದ. ಪ್ರೀತಿಯ ಮಾಶಾ ಎಂದು ಶುರುವಾಗುವ ಕಾಗದದ ರೂಪದಲ್ಲಿತ್ತು ಅದು. ಸರಿಯಾಗಿ ನೋಂದಾಯಿಸದ ಕಾರಣ ಕಾನೂನಿನಲ್ಲಿ ನಿಲ್ಲಲಿಲ್ಲ. 1904ರ ಜುಲೈನಲ್ಲಿ 44ನೇ ವಯಸ್ಸಿನಲ್ಲಿ ಅವನು ಹೋದ ಮೇಲೆ ಮನೆಯವರು ಅದನ್ನು ಹಾಗೇ ನಡೆಸಿಕೊಟ್ಟರು. ಯಾಲ್ಟಾದ ಮನೆ ಮತ್ತು ನಾಟಕಗಳ ಆದಾಯ ಮಾಶಾಗೆ. ಹೆಂಡತಿಗೆ ಗುರ್ಜುಫ್‌ನ ಸಣ್ಣ ಮನೆ, 5,000 ರೂಬಲ್. ಅಣ್ಣತಮ್ಮಂದಿರಿಗೆ ಇಷ್ಟಿಷ್ಟು. ಅಮ್ಮನೂ ಒಡಹುಟ್ಟಿದವರೂ ಹೋದ ಮೇಲೆ ಉಳಿದದ್ದು ಟಾಗನ್‌ರೋಗ್ ಊರಿನ ಶಿಕ್ಷಣಕ್ಕೆ. ಬಡವರಿಗೆ ಸಹಾಯ ಮಾಡು, ಅಮ್ಮನನ್ನು ನೋಡಿಕೋ, ಎಲ್ಲರೂ ಸಮಾಧಾನದಿಂದಿರಿ ಎಂದು ಕೇಳಿಕೊಂಡಿದ್ದಾನೆ. ಮಾಶಾ 1957ರವರೆಗೆ ಬದುಕಿದಳು. ಜರ್ಮನ್ ಸೈನ್ಯ ಊರು ಹಿಡಿದಾಗಲೂ ಆ ಮನೆ ಬಿಟ್ಟು ಕದಲಲಿಲ್ಲ.

ಉಯಿಲಿನಲ್ಲಿ ಇನ್ನೂ ಎರಡು ಬಾಬ್ತು ಇವೆ, ಅವನ ಮಾತಿನಲ್ಲೇ ಹೇಳುವುದಾದರೆ ಹೀಗೆ. ಪರಿಚಯದವರೊಬ್ಬರ ಹಿರಿಮಗಳ ಶಾಲೆಯ ಫೀಸನ್ನು, ಅದು ಮಾಫಿ ಆಗುವವರೆಗೂ ಕಟ್ಟುತ್ತೇನೆ ಅಂದಿದ್ದೆ. ಮೆಲಿಖೋವೊದ ರೈತರಿಗೆ ರಸ್ತೆಗಾಗಿ 100 ರೂಬಲ್ ಕೊಡುತ್ತೇನೆ ಅಂದಿದ್ದೆ. ಆ ಊರು ಮಾರಿ ಬಂದು ಎರಡು ವರ್ಷ ಕಳೆದಿತ್ತು. ಡಾಕ್ಟರಿಗೆ ಆ ರಸ್ತೆ ಇನ್ನೂ ನೆನಪಿತ್ತು.